ಹಸಿರು ನಂಬರ್ ಪ್ಲೇಟು, ವೇಗದ ಚಲನ್: ಕೋರ್ಟಿನಲ್ಲಿ ಕಾರಿನ ಲೆಕ್ಕ ಎಷ್ಟು ನಡೆಯುತ್ತದೆ?

ಅಮೆರಿಕದಲ್ಲಿ ಅತಿವೇಗಕ್ಕಾಗಿ ಮೊದಲು ಬಂಧನಕ್ಕೊಳಗಾದವನು ಎಂದು ಹೆಸರಾದ ಚಾಲಕ ಓಡಿಸುತ್ತಿದ್ದದ್ದು ಬ್ಯಾಟರಿ ಟ್ಯಾಕ್ಸಿ. 1899ರ ಮೇ 20ರಂದು ನ್ಯೂಯಾರ್ಕ್‌ನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಜೇಕಬ್ ಜರ್ಮನ್ ಎಂಬಾತ ಗಂಟೆಗೆ 12 ಮೈಲಿ, ಅಂದರೆ ಸುಮಾರು 19 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ. ನೇರ ರಸ್ತೆಯಲ್ಲಿ ಮಿತಿ 8 ಮೈಲಿ, ತಿರುವಿನಲ್ಲಿ 4. ಬೆನ್ನಟ್ಟಿ ಹಿಡಿದ ಪೊಲೀಸ್ ಪೇದೆ ತುಳಿಯುತ್ತಿದ್ದದ್ದು ಸೈಕಲ್ಲು! ತಮಾಷೆಯೆಂದರೆ, ಅದಕ್ಕೆ ಸುಮಾರು ಮೂರು ವಾರ ಮೊದಲು ಫ್ರಾನ್ಸಿನಲ್ಲಿ ಇನ್ನೊಂದು ಎಲೆಕ್ಟ್ರಿಕ್ ಕಾರು ಗಂಟೆಗೆ 100 ಕಿ.ಮೀ. ಗಡಿ ದಾಟಿತ್ತು. ಜಗತ್ತಿನ ಯಾವ ಕಾರೂ ಅಲ್ಲಿಯವರೆಗೆ ಅಷ್ಟು ಓಡಿರಲಿಲ್ಲ.

ಜರ್ಮನ್‌ನ ವೇಗ 12 ಮೈಲಿ ಎಂದು ಹೇಳಿದವರು ಯಾರು, ಹೇಗೆ ಹೇಳಿದರು? ಸೈಕಲ್ ತುಳಿದವನ ಅಂದಾಜೇ ಆಧಾರ. ಇವತ್ತು ನಮ್ಮ ದೇಶದಲ್ಲಿ ಅಷ್ಟು ಸಾಲದು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 183ರ ಮೂರನೇ ಉಪವಿಧಿ ಇದನ್ನು ನೇರವಾಗಿ ಹೇಳುತ್ತದೆ: ಒಬ್ಬನೇ ಸಾಕ್ಷಿ ‘ನನ್ನ ಅಭಿಪ್ರಾಯದಲ್ಲಿ ಇವರು ವೇಗವಾಗಿ ಹೋಗುತ್ತಿದ್ದರು’ ಎಂದ ಮಾತ್ರಕ್ಕೆ ಶಿಕ್ಷೆ ಕೊಡುವಂತಿಲ್ಲ, ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಉಪಕರಣದ ಅಳತೆಯ ಬೆಂಬಲ ಇರಬೇಕು. ಹಾಗಾಗಿ ವೇಗದ ಕೇಸು ಎಂದರೆ ಬಹುಪಾಲು ಉಪಕರಣದ ಕೇಸು. ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಉಪಕರಣ ಒಂದಲ್ಲ, ಎರಡು. ಒಂದು ಪೊಲೀಸರ ಕೈಯಲ್ಲಿ, ಇನ್ನೊಂದು ಕಾರಿನ ಹೊಟ್ಟೆಯಲ್ಲಿ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳೋಣ. ಕಾರಿಗೆ ಮಿತಿ 100. ಇವಿ, ಅಂದರೆ ಎಲೆಕ್ಟ್ರಿಕ್ ಕಾರಿನ ಚಾಲಕರೊಬ್ಬರ ಮೊಬೈಲ್‌ಗೆ ‘ವೇಗ 118’ ಎಂಬ ಚಲನ್ ಬಂತು ಎಂದುಕೊಳ್ಳಿ. ಅವರು ಕಾರಿನ ಆ್ಯಪ್ ತೆರೆದು ನೋಡಿದರೆ ಅದೇ ಹೊತ್ತಿಗೆ 109 ಎಂದಿದೆ. “ಮಿಷನ್ನೇ ತಪ್ಪು, ಕೋರ್ಟಿಗೆ ಹೋಗ್ತೀನಿ” ಎಂದು ಅವರು ಹೊರಟೇಬಿಡುತ್ತಾರೆ.

ಮಿತಿ ಎಷ್ಟಿತ್ತು ಎಂಬುದನ್ನು ಅವರು ಮರೆತಿದ್ದಾರೆ. 118 ಅಪರಾಧವಾದರೆ 109 ಕೂಡ ಅಪರಾಧವೇ. ಎಷ್ಟು ಮೀರಿದರು ಎಂಬುದರ ಮೇಲೆ ಸೆಕ್ಷನ್ 183 ದಂಡದ ಮೆಟ್ಟಿಲು ಕಟ್ಟಿಲ್ಲ. ಮೀರಿದರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಆ ಆ್ಯಪ್‌ನ ಚಿತ್ರವನ್ನು ಮ್ಯಾಜಿಸ್ಟ್ರೇಟರ ಮುಂದಿಟ್ಟರೆ ಸರ್ಕಾರದ ಪರ ವಾದಿಸುವ ವಕೀಲರಾದ ಎಪಿಪಿ ಸಾಹೇಬರ ಕೆಲಸ ಅರ್ಧ ಮುಗಿದಂತೆ. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂದು ಸಂವಿಧಾನದ 20(3)ನೇ ವಿಧಿ ರಕ್ಷಣೆ ಕೊಟ್ಟಿದೆ. ತಾನಾಗಿಯೇ ಒಯ್ದು ಕೊಡುವವರನ್ನು ಯಾವ ವಿಧಿ ಕಾಪಾಡೀತು?

ಕಾರಿನ ಲಾಗ್, ಅಂದರೆ ಕಾರು ತಾನೇ ಬರೆದಿಟ್ಟುಕೊಳ್ಳುವ ದಾಖಲೆ, ನಿಜಕ್ಕೂ ಕೆಲಸಕ್ಕೆ ಬರುವುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು, ಅದು ನಿಮ್ಮನ್ನು ಮಿತಿಯ ಕೆಳಗೆ ತರುವಾಗ. ಎರಡನೆಯದು ಕರ್ನಾಟಕಕ್ಕೆ ಸೇರಿದ್ದು. 2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿ.ಮೀ. ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ರಾಜ್ಯದ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗ ಪ್ರಕಟಿಸಿತು. ಆಗ ವಿಷಯ ಚಲನ್ ಮಟ್ಟದಲ್ಲಿ ಉಳಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281, ಅಂದರೆ ದುಡುಕಿನ ಚಾಲನೆಯ ಆರೋಪ ಬರುತ್ತದೆ; ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಪೊಲೀಸರ 132ಕ್ಕೂ ಲಾಗ್‌ನ 127ಕ್ಕೂ ನಡುವಿನ ಐದು ಕಿಲೋಮೀಟರಿಗೆ ಇಲ್ಲಿ ಬಹಳ ಬೆಲೆ.

ಬರೀ ಚಲನ್ ಆದರೆ? ನಮ್ಮಲ್ಲಿ ಚಲನ್ ವಿರುದ್ಧದ ಅತ್ಯಂತ ಜನಪ್ರಿಯ ಕಾನೂನು ಹೋರಾಟವೆಂದರೆ ಅರ್ಧ ರಿಯಾಯಿತಿ ಘೋಷಣೆಯಾಗುವವರೆಗೆ ಕಾಯುವುದು. 2023ರ ಫೆಬ್ರುವರಿಯಲ್ಲಿ ಸರ್ಕಾರ ಆ ರಿಯಾಯಿತಿ ಕೊಟ್ಟಾಗ ಕಟ್ಟಲು ಸಾಲುಗಟ್ಟಿದ್ದನ್ನು ಎಲ್ಲರೂ ನೋಡಿದ್ದೇವೆ. ಕಾರಿನ ಅತಿವೇಗಕ್ಕೆ ಕೇಂದ್ರದ ಕಾಯ್ದೆಯಲ್ಲಿ 1,000ದಿಂದ 2,000 ರೂಪಾಯಿ ದಂಡವಿದೆ. ಸಾವಿರಕ್ಕಾಗಿ ಎರಡು ಮೂರು ದಿನದ ದುಡಿಮೆ ಬಿಟ್ಟು ಕೋರ್ಟಿಗೆ ಅಲೆಯುವುದು ಲೆಕ್ಕಕ್ಕೆ ಹೊಂದುವುದಿಲ್ಲ, ನಿಜ. ಆದರೆ ಕಟ್ಟಿ ಕೈತೊಳೆದುಕೊಂಡೆ ಎಂದುಕೊಳ್ಳುವವರಿಗೆ 2019ರ ತಿದ್ದುಪಡಿಯ ಒಂದು ಸಾಲು ಗೊತ್ತಿರುವುದಿಲ್ಲ. ಸ್ಥಳದಲ್ಲೋ ಆನ್‌ಲೈನ್‌ನಲ್ಲೋ ದಂಡ ಕಟ್ಟಿ ರಾಜಿಯಾದರೂ ಅದು ‘ಹಿಂದಿನ ಅಪರಾಧ’ ಎಂದೇ ಎಣಿಕೆಯಾಗುತ್ತದೆ ಎನ್ನುತ್ತದೆ ಸೆಕ್ಷನ್ 200. ಎರಡನೇ ಸಲ ಅತಿವೇಗಕ್ಕೆ ಸಿಕ್ಕರೆ ಲೈಸೆನ್ಸ್ ವಶಪಡಿಸಿಕೊಳ್ಳಲು ಸೆಕ್ಷನ್ 183ರಲ್ಲೇ ಅವಕಾಶವಿದೆ. ಟ್ಯಾಕ್ಸಿ ಓಡಿಸಿ ಬದುಕುವವರಿಗೆ ಇದು ಸಾವಿರ ರೂಪಾಯಿಯ ಮಾತಲ್ಲ.

ಕೋರ್ಟಿಗೆ ಹೋಗಲೇಬೇಕು ಎಂದಾದರೆ ಮೊದಲು ನೋಡಬೇಕಾದ್ದು ಚಲನ್‌ನ ಕಾಗದ. ಕಾರಿನ ಲಾಗ್ ಆಮೇಲೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ಕ್ಯಾಮೆರಾ, ಸ್ಪೀಡ್ ಗನ್ ಎಲ್ಲವೂ ಇದರಡಿ ಬರುತ್ತವೆ. ಉಪಕರಣ ಸರಿಯಾಗಿ ಅಳೆಯುತ್ತದೆ ಎಂಬ ಅನುಮೋದನೆ ಪತ್ರ ಇರಬೇಕು, ಅದು ವರ್ಷವರ್ಷ ನವೀಕರಣವಾಗಬೇಕು. ನಿಗಾ ಇದೆ ಎಂದು ಎಚ್ಚರಿಸುವ ಫಲಕ ಇರಬೇಕು. ನೋಟಿಸ್ ಅಪರಾಧ ನಡೆದ 15 ದಿನದೊಳಗೆ ಹೊರಡಬೇಕು. ಅದರಲ್ಲಿ ನಂಬರ್ ಪ್ಲೇಟ್ ಕಾಣುವ ಚಿತ್ರ, ಉಪಕರಣ ತೋರಿಸಿದ ಅಳತೆ, ದಿನಾಂಕ, ಹೊತ್ತು, ಜಾಗ, ಯಾವ ಸೆಕ್ಷನ್ ಉಲ್ಲಂಘನೆ ಎಂಬ ವಿವರ, ಜೊತೆಗೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರದ ಪ್ರತಿ ಇರಬೇಕು. ವೇಗದ ಬಗ್ಗೆ ವಾದ ಮಾಡುವ ಮೊದಲು ಇವುಗಳಲ್ಲಿ ಯಾವುದು ಇಲ್ಲ ಎಂದು ನೋಡುವುದು ಜಾಣತನ. ನಂಬರ್ ಪ್ಲೇಟನ್ನೂ ಕಣ್ಣರಳಿಸಿ ನೋಡಿ. ಖಾಸಗಿ ಇವಿಗೆ ಹಸಿರು ಹಲಗೆ ಮೇಲೆ ಬಿಳಿ ಅಕ್ಷರ, ಬಾಡಿಗೆಯದಕ್ಕೆ ಹಸಿರಿನ ಮೇಲೆ ಹಳದಿ. ಚಿತ್ರದಲ್ಲಿರುವುದು ಬಿಳಿ ಹಲಗೆಯ ಕಾರಾದರೆ ಕ್ಯಾಮೆರಾ ಯಾವುದೋ ಅಕ್ಷರವನ್ನು ತಪ್ಪಾಗಿ ಓದಿದೆ. ಕೋರ್ಟಿನ ಮೆಟ್ಟಿಲೇ ಹತ್ತಬೇಕಿಲ್ಲ, ಪೊಲೀಸರಿಗೆ ದೂರು ಕೊಟ್ಟರೆ ಸಾಕು.

ಇನ್ನು ಗನ್ನಿನ ಒಳಗೆ ನಡೆಯುವುದೇನು?

ರೇಡಾರ್ ಗನ್ ರೇಡಿಯೋ ಅಲೆ ಬಿಡುತ್ತದೆ. ಅದು ಕಾರಿಗೆ ತಾಗಿ ಮರಳುವಾಗ ಆವರ್ತನ ಬದಲಾಗಿರುತ್ತದೆ. ಹತ್ತಿರ ಬರುವ ರೈಲಿನ ಸೀಟಿ ಕೀಚಲಾಗಿ ಕೇಳಿ, ದಾಟಿದ ಕೂಡಲೇ ಇಳಿಯುವ ಹಾಗೆ. 24.15 ಗಿಗಾಹರ್ಟ್ಸ್‌ನ ಗನ್ ಆದರೆ, 100 ಕಿ.ಮೀ. ವೇಗದ ಕಾರಿನಿಂದ ಮರಳುವ ಅಲೆಯಲ್ಲಿ ಸುಮಾರು 4,470 ಹರ್ಟ್ಸ್ ವ್ಯತ್ಯಾಸ. ಅಳತೆ ಬಹಳ ನಿಖರ. ತೊಂದರೆ ಇರುವುದು ಅಲೆ ಯಾರಿಗೆ ತಾಗಿತು ಎಂಬುದರಲ್ಲಿ. ಅದು ಹೋಗುತ್ತ ಹೋಗುತ್ತ ಅಗಲವಾಗುತ್ತದೆ. 12 ಡಿಗ್ರಿ ಹರಡುವ ಗನ್ನಿನ ಅಲೆ 300 ಮೀಟರ್ ದೂರದಲ್ಲಿ 60 ಮೀಟರಿಗೂ ಹೆಚ್ಚು ಅಗಲ, ಅಂದರೆ ಇಡೀ ಹೆದ್ದಾರಿಯೂ ಸರ್ವಿಸ್ ರಸ್ತೆಯೂ ಅದರೊಳಗೆ. ನಿಮ್ಮ ಪಕ್ಕದಲ್ಲಿ ಲಾರಿ ಇದ್ದರೆ ಅದರ ಅಗಲ ಮುಖದಿಂದ ಮರಳುವ ಅಲೆಯೇ ಜೋರು. 1979ರಲ್ಲಿ ಅಮೆರಿಕದ ಮಯಾಮಿಯಲ್ಲಿ ಟೀವಿ ವರದಿಗಾರರು ಪೊಲೀಸ್ ರೇಡಾರ್ ಹಿಡಿದು ತಾಳೆಮರವೊಂದು ಗಂಟೆಗೆ 86 ಮೈಲಿ ವೇಗದಲ್ಲಿ ‘ಓಡುವುದನ್ನು’ ತೋರಿಸಿದರು. ಒಂದು ಮನೆ 28 ಮೈಲಿ ಓಡಿತು. ಅದೇ ವರ್ಷ ಅಲ್ಲಿನ ನ್ಯಾಯಾಧೀಶ ಆಲ್ಫ್ರೆಡ್ ನೆಸ್ಬಿಟ್ ತಮ್ಮ ಮುಂದಿದ್ದ ಪ್ರಕರಣಗಳಲ್ಲಿ ರೇಡಾರ್ ಸಾಕ್ಷ್ಯವನ್ನು ಒಪ್ಪಲಿಲ್ಲ. ಆಮೇಲೆ ಉಪಕರಣಗಳು ಬಹಳ ಸುಧಾರಿಸಿವೆ, ಆ ತಾಳೆಮರವನ್ನು ಇವತ್ತಿನ ಕೋರ್ಟಿಗೆ ಎಳೆದು ತಂದರೆ ನಡೆಯದು. ಆದರೆ ‘ಅಲೆ ತಾಗಿದ್ದು ನನ್ನ ಕಾರಿಗೇ ಎಂದು ಹೇಗೆ ಗೊತ್ತು’ ಎಂಬ ಪ್ರಶ್ನೆ ಹಳೆಯದಾಗಿಲ್ಲ.

ಲೇಸರ್ ಗನ್ ಬೇರೆ ಜಾತಿ. ಅದು ಬೆಳಕಿನ ಚಿಕ್ಕ ಚಿಕ್ಕ ಮಿಡಿತಗಳನ್ನು ಕಳಿಸಿ, ಮರಳಿ ಬರಲು ತೆಗೆದುಕೊಂಡ ಹೊತ್ತನ್ನು ಎಣಿಸಿ, ದೂರ ಎಷ್ಟೆಷ್ಟು ಕಡಿಮೆಯಾಯಿತು ಎಂದು ನೋಡುತ್ತದೆ. 300 ಮೀಟರ್ ದೂರದಲ್ಲೂ ಕಿರಣದ ಅಗಲ ಸುಮಾರು ಒಂದು ಮೀಟರ್, ಹಾಗಾಗಿ ಪಕ್ಕದ ಲಾರಿಯ ವಾದ ಇಲ್ಲಿ ಬಿದ್ದುಹೋಗುತ್ತದೆ. ಬದಲಿಗೆ ಹಿಡಿದವರ ಕೈ ನಡುಗಿ ಕಿರಣ ಬಾನೆಟ್ಟಿನಿಂದ ಗಾಜಿನ ಕಡೆಗೆ ಜಾರಿದರೆ ದೂರದ ಲೆಕ್ಕ ಏರುಪೇರಾಗಬಹುದು. ಓರೆಯಾಗಿ ನಿಂತು ಅಳೆಯುತ್ತಾರೆ ಎಂಬ ದೂರು ಸಾಮಾನ್ಯ. ರಸ್ತೆ ಬದಿಯಲ್ಲಿ ನಿಂತ ಗನ್ನಿನ ಮಟ್ಟಿಗೆ ಅದು ಚಾಲಕರಿಗೇ ಲಾಭ. 10 ಡಿಗ್ರಿ ಓರೆಯಾದರೆ 100 ವೇಗದ ಕಾರು 98.5 ಎಂದು ಕಾಣುತ್ತದೆ. ಈ ವಾದವನ್ನು ಕೋರ್ಟಿನಲ್ಲಿ ಎತ್ತದಿರುವುದೇ ಮೇಲು.

ರೇಡಾರ್ ಆದರೆ ಇತ್ತೀಚಿನ ಒಂದು ಬದಲಾವಣೆ ಗೊತ್ತಿರಲಿ. 2025ರ ಜುಲೈ 1ರಿಂದ ಕಾನೂನು ಮಾಪನಶಾಸ್ತ್ರದ ನಿಯಮಗಳಲ್ಲಿ ವೇಗ ಅಳೆಯುವ ಮೈಕ್ರೋವೇವ್ ಡಾಪ್ಲರ್ ರೇಡಾರ್‌ಗೂ (ಮೇಲೆ ಹೇಳಿದ, ಆವರ್ತನದ ಬದಲಾವಣೆ ನೋಡುವ ಬಗೆಯದು) ಜಾಗ ಸಿಕ್ಕಿದೆ. ಅಂಗಡಿಯ ತೂಕದ ಬಟ್ಟಿನಂತೆ ಅದಕ್ಕೂ ಪರಿಶೀಲನೆ, ಅದಕ್ಕೂ ಮುದ್ರೆ. ಪಾಟೀ ಸವಾಲಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದರಿಂದ ಸುಲಭವಾಯಿತು: ಉಪಕರಣ ಯಾವ ಬಗೆಯದು, ಕೊನೆಯ ಮುದ್ರೆ ಯಾವಾಗಿನದು?

ಈಗ ಕಾರಿನ ಕಡೆಗೆ ಬರೋಣ. ಇವಿ ಚಾಲಕರ ವಿಶ್ವಾಸ ಪೂರ್ತಿ ಪೊಳ್ಳೇನಲ್ಲ. ಪೆಟ್ರೋಲ್ ಕಾರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎಂದರೆ ಯಾವ ಗೇರಿನಲ್ಲಿ ಎಂದು ಕೇಳಬೇಕಾಗುತ್ತದೆ. ಹೆಚ್ಚಿನ ಇವಿಗಳಲ್ಲಿ ಗೇರು ಒಂದೇ. ಮೋಟಾರು ಇಷ್ಟು ತಿರುಗಿದರೆ ಚಕ್ರ ಇಷ್ಟೇ ತಿರುಗಬೇಕು. ಮೋಟಾರಿಗೆ ಕರೆಂಟು ಕೊಡುವ ಇನ್ವರ್ಟರ್‌ಗೆ ಮೋಟಾರಿನ ತಿರುಗುವ ಭಾಗವಾದ ರೋಟರ್ ಈ ಕ್ಷಣ ಎಲ್ಲಿದೆ ಎಂದು ಕರಾರುವಾಕ್ಕಾಗಿ ಗೊತ್ತಿರದಿದ್ದರೆ ಕಾರು ಓಡುವುದೇ ಇಲ್ಲ, ಹಾಗಾಗಿ ಸುತ್ತಿನ ಲೆಕ್ಕದಲ್ಲಿ ತಪ್ಪು ಕಡಿಮೆ. ತಪ್ಪು ನುಸುಳುವುದು ಸುತ್ತನ್ನು ದೂರವಾಗಿ ಬದಲಿಸುವ ಜಾಗದಲ್ಲಿ, ಅಂದರೆ ಟೈರಿನಲ್ಲಿ.

215/60 ಆರ್ 16 ಅಳತೆಯ ಹೊಸ ಟೈರಿನ ವ್ಯಾಸ ಲೆಕ್ಕದ ಪ್ರಕಾರ 664 ಮಿಲಿಮೀಟರ್. ಟೈರಿನ ಮೈಮೇಲಿನ ಗೀರುಗಳ ಆಳ 8 ಮಿ.ಮೀ.ನಿಂದ 1.6ಕ್ಕೆ ಸವೆದರೆ ವ್ಯಾಸ ಸುಮಾರು 13 ಮಿ.ಮೀ. ಕುಗ್ಗುತ್ತದೆ, ಅಂದರೆ ಶೇ 2ರ ಹತ್ತಿರ. ಕಾರು ಅದೇ ಹಳೆಯ ಲೆಕ್ಕದಲ್ಲಿ 100 ಎಂದು ಬರೆದುಕೊಂಡಾಗ ರಸ್ತೆಯ ಮೇಲಿನ ವೇಗ 98. ಸವೆದ ಟೈರು ಚಾಲಕರ ಪರ. ಆದರೆ ನೋಟಕ್ಕೆ ಚೆನ್ನಾಗಿರಲಿ ಎಂದು ಯಾರಾದರೂ 215/65 ಹಾಕಿಸಿದ್ದರೆ ವ್ಯಾಸ ಶೇ 3ಕ್ಕಿಂತ ಹೆಚ್ಚು ಬೆಳೆಯುತ್ತದೆ. ಪರದೆ ಮೇಲೆ 98, ರಸ್ತೆ ಮೇಲೆ 101. ಎಪಿಪಿ ಒಂದೇ ಪ್ರಶ್ನೆಯಲ್ಲಿ ಲಾಗ್‌ನ ಬುಡ ಅಲ್ಲಾಡಿಸಬಹುದು: “ಟೈರ್ ಕಂಪನಿಯಿಂದ ಬಂದದ್ದೇ?”

ಈ ಜಗಳ ಕಲ್ಪನೆಯದಲ್ಲ. 2013ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರ ಜಾನ್ ಬ್ರೋಡರ್ ಟೆಸ್ಲಾ ಮಾಡೆಲ್ ಎಸ್ ಓಡಿಸಿ, ಚಳಿಯಲ್ಲಿ ಬ್ಯಾಟರಿ ಕೈಕೊಟ್ಟ ಕಥೆ ಬರೆದರು. ಇಲಾನ್ ಮಸ್ಕ್ ಆ ಕಾರಿನ ಲಾಗ್ ಬಹಿರಂಗ ಮಾಡಿ, ವರದಿಗಾರರು ಹೇಳಿದ್ದಕ್ಕಿಂತ ಜೋರಾಗಿ ಓಡಿಸಿದ್ದಾರೆ ಎಂದು ತಿರುಗೇಟು ಕೊಟ್ಟರು. ಬ್ರೋಡರ್ ಕೊಟ್ಟ ಉತ್ತರಗಳಲ್ಲಿ ಒಂದು ಇದು: ಕಾರಿಗೆ 21 ಇಂಚಿನ ಚಕ್ರದ ಬದಲು 19 ಇಂಚಿನದು ಹಾಕಿ ಕೊಟ್ಟಿದ್ದರು, ವೇಗದ ಅಂಕಿಯ ವ್ಯತ್ಯಾಸಕ್ಕೆ ಅದೂ ಕಾರಣವಿರಬಹುದು. ಕೋರ್ಟಿಗೆ ಹೋಗದ ಜಗಳ ಅದು; ಆದರೂ ಕಾರಿನ ದಾಖಲೆಯನ್ನು ಹೇಗೆ ಪ್ರಶ್ನಿಸಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಸ್ಪೀಡೋಮೀಟರಿಗೆ ಸಂಬಂಧಿಸಿ ಚಾಲಕರ ಪರವಾದ ಒಂದು ಗಟ್ಟಿ ಅಂಶವಿದೆ. ಯುರೋಪು ಮತ್ತಿತರ ಕಡೆ ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಲು ಮಾತ್ರ ಸಡಿಲಿಕೆ ಇದೆ: ನಿಜ ವೇಗದ ಶೇ 10, ಜೊತೆಗೆ 4 ಕಿ.ಮೀ. ಅಂದರೆ ನಿಜವಾಗಿ 100ರಲ್ಲಿ ಹೋಗುವ ಕಾರಿನ ಪರದೆ 114ರವರೆಗೂ ತೋರಿಸಬಹುದು, 99 ತೋರಿಸುವಂತಿಲ್ಲ. ಹಾಗೆ ತಯಾರಾದ ಕಾರಿನ ಪರದೆಯಲ್ಲಿ 98 ಇತ್ತು ಎಂದು ಡ್ಯಾಶ್‌ಕ್ಯಾಮ್ ತೋರಿಸಿದರೆ, ಟೈರು ಕಂಪನಿಯದೇ ಆಗಿದ್ದರೆ, ಅದು ಗಂಭೀರವಾದ ವಾದ. ಬರೀ ‘ಇವಿಯಲ್ಲಿ ಸದ್ದಿಲ್ಲ, ವೇಗ ಗೊತ್ತಾಗಲೇ ಇಲ್ಲ’ ಎಂಬ ಅಳಲಿಗೆ ಮಾತ್ರ ಕೋರ್ಟಿನಲ್ಲಿ ಬೆಲೆಯಿಲ್ಲ. ಈ ಅಪರಾಧಕ್ಕೆ ಉದ್ದೇಶ ಸಾಬೀತಾಗಬೇಕಿಲ್ಲ.

ಈಗ 118 ಮತ್ತು 109ಕ್ಕೆ ಮರಳೋಣ. ಎರಡರಲ್ಲಿ ಒಂದು ಸುಳ್ಳಿರಲೇಬೇಕು ಎಂದು ಅನ್ನಿಸುತ್ತದೆ. ಇರಬೇಕಿಲ್ಲ. ಇವಿಯಲ್ಲಿ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣವೇ ಮೋಟಾರು ಜನರೇಟರಾಗಿ ಕಾರನ್ನು ಹಿಡಿದು ನಿಲ್ಲಿಸತೊಡಗುತ್ತದೆ. ಸೆಕೆಂಡಿಗೆ 2 ಮೀಟರಿನಂತೆ ವೇಗ ಇಳಿದರೂ ಸಾಕು, ಒಂದೊಂದು ಸೆಕೆಂಡಿಗೆ ಗಂಟೆಗೆ 7 ಕಿ.ಮೀ. ಲೆಕ್ಕದಲ್ಲಿ ಇಳಿಯುತ್ತದೆ. ದೂರದಲ್ಲಿ ವೇಗ ಅಳೆಯುವ ಪೊಲೀಸ್ ವಾಹನ ಇಂಟರ್‌ಸೆಪ್ಟರ್ ಕಂಡು ಕಾಲೆತ್ತಿದ ಚಾಲಕ 118ರಿಂದ 109ಕ್ಕೆ ಬರಲು ಬೇಕಾದ್ದು ಒಂದೂಕಾಲು ಸೆಕೆಂಡು. ಪೊಲೀಸರ ಗಡಿಯಾರವೂ ಕಾರಿನ ಗಡಿಯಾರವೂ ಅಷ್ಟು ಹೊಂದಿಕೊಂಡಿವೆಯೇ? ಹತ್ತು ಸೆಕೆಂಡು ಹಿಂದುಮುಂದಾದರೆ ಕಾರು ಸುಮಾರು 300 ಮೀಟರ್ ದೂರದ ಬೇರೆ ಜಾಗದಲ್ಲಿರುತ್ತದೆ. ಎಷ್ಟೋ ಲಾಗ್‌ಗಳು ಅಂತರರಾಷ್ಟ್ರೀಯ ಸಮಯದಲ್ಲಿ ಬರೆದುಕೊಳ್ಳುತ್ತವೆ, ಐದೂವರೆ ಗಂಟೆ ಕೂಡಿಸಬೇಕು. ಮೊಬೈಲ್ ಆ್ಯಪ್‌ಗಂತೂ ಕಾರಿನಿಂದ ಪ್ರತಿ ಸೆಕೆಂಡಿನ ಅಂಕಿ ಬರುವುದಿಲ್ಲ, ಆಗಾಗ ಒಂದೊಂದು ಬರುತ್ತದೆ. ಹಾಗಾಗಿ ಲಾಗ್ ಇದ್ದರೆ ಸಾಲದು, ಆ ಜಾಗ ಆ ಕ್ಷಣಕ್ಕೆ ಅದನ್ನು ಕಟ್ಟಿಹಾಕಬೇಕು. ಚಲನ್‌ನ ಚಿತ್ರ ಹಿಂದಿನಿಂದ ತೆಗೆದದ್ದಾದರೆ ಬ್ರೇಕ್ ದೀಪ ಹೊತ್ತಿದೆಯೇ ನೋಡಿ. ಮೋಟಾರು ಜೋರಾಗಿ ತಡೆಯುವಾಗ ಪೆಡಲ್ ಒತ್ತದಿದ್ದರೂ ಆ ದೀಪ ಉರಿಯುವಂತೆ ಈಗಿನ ಇವಿಗಳನ್ನು ರೂಪಿಸಿರುತ್ತಾರೆ.

ಮುಂದಿನ ಅಡ್ಡಿ ಕಾನೂನಿನದು. ಮೊಬೈಲ್ ಪರದೆಯ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿ ಕೊಟ್ಟರೆ ಕೋರ್ಟು ಒಪ್ಪಬೇಕಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಆಗಿದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವವರು ಅದು ಯಾವ ಸಾಧನದಿಂದ, ಹೇಗೆ ಬಂತು ಎಂದು ಪ್ರಮಾಣಪತ್ರ ಕೊಡಬೇಕು. ಹೊಸ ನಮೂನೆಯಲ್ಲಿ ಕಡತದ ಹ್ಯಾಶ್ ಅಂಕಿ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು) ಬರೆಯಬೇಕು, ಒಂದು ಭಾಗಕ್ಕೆ ತಜ್ಞರ ಸಹಿ ಬೇಕು. ಈ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿದೆ. ಈ ಕತ್ತಿಗೆ ಎರಡೂ ಕಡೆ ಬಾಯಿ. ಪೊಲೀಸರ ಕ್ಯಾಮೆರಾ ಚಿತ್ರಕ್ಕೂ ಅದೇ ಪ್ರಮಾಣಪತ್ರ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ತಮ್ಮ ಲಾಗ್‌ಗೆ ತಜ್ಞರ ಸಹಿ ಹುಡುಕುತ್ತ ಓಡಾಡುವುದಕ್ಕಿಂತ ಪೊಲೀಸರ ಪ್ರಮಾಣಪತ್ರ ತೋರಿಸಿ ಎಂದು ಕೇಳುವುದೇ ಸಾಮಾನ್ಯ ಚಾಲಕರಿಗೆ ಎಟುಕುವ ದಾರಿ.

ಜರ್ಮನಿಯಲ್ಲಿ ಈ ಕೇಳುವ ಹಕ್ಕು ದೊಡ್ಡ ಕೋರ್ಟುಗಳವರೆಗೆ ಹೋಗಿದೆ. ಅಲ್ಲಿನ ಸಾರ್ಲಾಂಡ್ ರಾಜ್ಯದ ಸಾಂವಿಧಾನಿಕ ನ್ಯಾಯಾಲಯ 2019ರ ಜುಲೈನಲ್ಲಿ, ಕಚ್ಚಾ ಅಳತೆಗಳನ್ನು ಉಳಿಸಿಕೊಳ್ಳದ ಲೇಸರ್ ಉಪಕರಣದ ಆಧಾರದ ಮೇಲೆ ಕೊಟ್ಟ ಶಿಕ್ಷೆಯನ್ನು ರದ್ದು ಮಾಡಿತು. ಚಾಲಕ ಮರುಲೆಕ್ಕ ಹಾಕಿ ನೋಡಲು ಏನೂ ಉಳಿದಿಲ್ಲದಿದ್ದರೆ ಅದು ನ್ಯಾಯಯುತ ವಿಚಾರಣೆಯಲ್ಲ ಎಂಬುದು ಅದರ ನಿಲುವು. 2020ರ ನವೆಂಬರ್‌ನಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯವೂ, ಕಡತದಲ್ಲಿಲ್ಲದ ಅಳತೆಯ ಮಾಹಿತಿಯನ್ನು ಕೇಳಿದ ಚಾಲಕನಿಗೆ ನಿರಾಕರಿಸಿದ್ದು ತಪ್ಪು ಎಂದಿತು. ನಮ್ಮಲ್ಲಿ 167ಎ ನಿಯಮ ಬಹುಮಟ್ಟಿಗೆ ಅದೇ ಕೆಲಸ ಮಾಡಬಲ್ಲದು, ಕೇಳುವವರಿದ್ದರೆ.

ಕೋರ್ಟಿನ ಒಳಗಿನ ನಡೆ ಹೆಚ್ಚು ಸಿಕ್ಕಿನದಲ್ಲ. ಕಟ್ಟದೆ ಉಳಿದ ಚಲನ್ ಆನ್‌ಲೈನ್‌ನಲ್ಲೇ ನಡೆಯುವ ವರ್ಚುವಲ್ ಕೋರ್ಟಿಗೆ ಹೋಗಿದ್ದರೆ ಅಲ್ಲಿ ದಂಡ ಕಟ್ಟುವ ಆಯ್ಕೆಯೂ ಪ್ರಕರಣ ಎದುರಿಸುವ ಆಯ್ಕೆಯೂ ಇರುತ್ತವೆ. ಎರಡನೆಯದನ್ನು ಒತ್ತಿದರೆ ಕಡತ ಆ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ, ಸಮನ್ಸ್ ಬರುತ್ತದೆ. ಸಾಮಾನ್ಯವಾಗಿ ಸಂಕ್ಷಿಪ್ತ ವಿಚಾರಣೆ. ಆರೋಪ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳುತ್ತಾರೆ. ಇಲ್ಲ ಎಂದರೆ ಅಳತೆ ಮಾಡಿದ ಅಧಿಕಾರಿ ಸಾಕ್ಷಿ ಕಟ್ಟೆಗೆ ಬರಬೇಕು, ಪಾಟೀ ಸವಾಲಿಗೆ ಉತ್ತರಿಸಬೇಕು. ಆಮೇಲೆ ನಿಮ್ಮ ಹೇಳಿಕೆ, ನಿಮ್ಮ ಸಾಕ್ಷ್ಯ ಇದ್ದರೆ ಅದು, ತೀರ್ಪು. ಕಾರು ನಿಮ್ಮದು, ಓಡಿಸಿದವರು ಬೇರೆ ಎಂದಾದರೆ, ಯಾರು ಓಡಿಸುತ್ತಿದ್ದರು ಎಂದು ಹೇಳುವ ಹೊಣೆ ಸೆಕ್ಷನ್ 133ರ ಪ್ರಕಾರ ಮಾಲೀಕರ ಮೇಲಿದೆ.

ವಾಯಿದೆ ಬಿದ್ದು ಬಿದ್ದು ಬೇಸತ್ತವರು ಮೂರನೇ ಸಲಕ್ಕೆ “ಒಪ್ಪಿಕೊಂಡೆ ಸ್ವಾಮಿ, ಕಟ್ಟಿಬಿಡ್ತೀನಿ” ಎನ್ನುವುದುಂಟು. ಹಾಗೆ ಹೇಳುವ ಮೊದಲು ವಕೀಲರನ್ನು ಒಂದು ಮಾತು ಕೇಳುವುದು ಒಳಿತು. ವಿಚಾರಣೆ ನಡೆದು ಸೋತು ಸಾವಿರ ರೂಪಾಯಿ ದಂಡ ಬಿದ್ದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಸಂಕ್ಷಿಪ್ತ ವಿಚಾರಣೆಯಲ್ಲಿ ಮೇಲ್ಮನವಿ ಇಲ್ಲದಿರುವುದು ದಂಡ 200 ರೂಪಾಯಿ ಮೀರದಿದ್ದಾಗ ಮಾತ್ರ. ತಪ್ಪೊಪ್ಪಿಕೊಂಡ ಮೇಲೆ ಪ್ರಶ್ನಿಸಲು ಉಳಿಯುವುದು ಶಿಕ್ಷೆಯ ಪ್ರಮಾಣ ಮತ್ತು ಅದು ಕಾನೂನುಬದ್ಧವೇ ಎಂಬುದಷ್ಟೇ. ಗನ್ನಿನ ಮುದ್ರೆ ಹಳತಾಗಿತ್ತು, ಪ್ರಮಾಣಪತ್ರವೇ ಇರಲಿಲ್ಲ ಎಂದು ಆಮೇಲೆ ಗೊತ್ತಾದರೂ ಅದನ್ನು ಹೇಳಿಕೊಳ್ಳಲು ಜಾಗವಿರುವುದಿಲ್ಲ.